ಅವಳ ಅಟ್ಟದ ಮೇಲಿನ ನಮ್ಮ ಕಾಯಿ

ನಮ್ಮ ಮನೆಗೆ ಗ್ಯಾಸ್ ಒಲೆ ಬಂದ ವರ್ಷವೇ ಅತ್ತೆಗೆ ಒಂದು ಕೊರಗು ಹತ್ತಿಕೊಂಡಿತು. ಅಡುಗೆಮನೆಯ ಅಟ್ಟಕ್ಕೆ ಹೊಗೆ ಹೋಗುವುದಿಲ್ಲ, ಕಾಯಿ ಕೌಟು ಹಿಡಿಯುತ್ತದೆ ಅಂತ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಕಿತ್ತ ತಕ್ಷಣ ಮಾರುವವರು ಕಡಿಮೆ. ಮಟ್ಟೆಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಕೆಳಗೆ ದಿನಕ್ಕೆರಡು ಹೊತ್ತು ಸೌದೆ ಉರಿದರೆ ಕೊಬ್ಬರಿ ಕೆಡುವುದಿಲ್ಲವೆಂದು ಹಳಬರ ನಂಬಿಕೆ. ಹಾಗಾಗಿ ಗ್ಯಾಸ್ ಇರುವ ಮನೆಯವರು ಒಂದಷ್ಟು ಕಾಯಿಯನ್ನು ಇನ್ನೂ ಸೌದೆ ಉರಿಸುವವರ ಅಟ್ಟದಲ್ಲಿ ಹಾಕಿಸುವುದು ನಮ್ಮೂರಲ್ಲಿ ರೂಢಿಯಾಯಿತು. ಬಾಡಿಗೆ ಅಂತ ಏನೂ ಇಲ್ಲ. ಸುಲಿದಾಗ ಬರುವ ಮಟ್ಟೆ ಅವರಿಗೆ, ಒಲೆಗೆ. ಮೊದಲು ಚಿಪ್ಪೂ ಅವರಿಗೇ ಇತ್ತು. ಇದ್ದಿಲು ಸುಡುವವರು ಬಂದು ಚಿಪ್ಪಿಗೆ ರೇಟು ಹತ್ತಿದ ಮೇಲೆ ಅದನ್ನು ನಾವೇ ತರಿಸಿಕೊಳ್ಳತೊಡಗಿದೆವು.

ನಮ್ಮ ಕಾಯಿ ಇದ್ದದ್ದು ನಮ್ಮಲ್ಲಿ ಕೊಬ್ಬರಿ ಒಡೆಯಲು ಬರುತ್ತಿದ್ದವಳ ಅಟ್ಟದಲ್ಲಿ. ಅವಳ ಕೈ ಬಹಳ ಹದವಾದದ್ದು. ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತ, ಮಚ್ಚಿನ ಬೆನ್ನಿನಲ್ಲಿ ನಾಲ್ಕು ಕಡೆ ಮೆಲ್ಲಗೆ ತಟ್ಟಿದರೆ ಚಿಪ್ಪು ಬಿರಿದು, ಒಳಗಿನ ಉಂಡೆ ಒಂದು ಗೀರೂ ಇಲ್ಲದೆ ಅವಳ ಮಡಿಲಿಗೆ ಬೀಳುತ್ತಿತ್ತು. ಒಡಕಾದ ಕೊಬ್ಬರಿಗೆ ಮಾರ್ಕೆಟ್ಟಿನಲ್ಲಿ ಬೆಲೆಯಿಲ್ಲ. ನಾನು ಕಾಫಿ ತಂದುಕೊಟ್ಟು ಹತ್ತಿರ ನಿಂತು ನೋಡುತ್ತಿದ್ದೆ. ಅವಳ ಎಡ ಹೆಬ್ಬೆರಳಿನ ಉಗುರು ಒಂದು ಹಳೇ ಏಟಿಗೆ ಎರಡಾಗಿ ಬೆಳೆದಿತ್ತು, ನಡುವೆ ಒಂದು ಕಪ್ಪು ಗೆರೆ.

ಅವಳ ಗಂಡ ಮರ ಹತ್ತುತ್ತಿದ್ದವನು. ನಾಲ್ಕು ವರ್ಷದ ಹಿಂದೆ ಯಾರದೋ ತೋಟದಲ್ಲಿ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮಕ್ಕಳಿಲ್ಲ. ಅವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ತಿಂಗಳಿಗೊಮ್ಮೆ ದೊಡ್ಡಾಸ್ಪತ್ರೆಗೆ ಕರೆದೊಯ್ದು ಉಚ್ಚೆಯ ಪೈಪು ಬದಲಾಯಿಸಬೇಕು. ರೇಷನ್ ಕಾರ್ಡು ತೋರಿಸಿದರೆ ಅಲ್ಲಿ ಎಲ್ಲ ಪುಕ್ಕಟೆ. ಮನೆಗೆ ಬರುವ ಅಕ್ಕಿಯೂ ಆ ಕಾರ್ಡಿನದೇ. ಅಕ್ಕಿಯ ಜೊತೆ ಹೆಂಗಸರ ಅಕೌಂಟಿಗೆ ಸರ್ಕಾರ ದುಡ್ಡು ಹಾಕಲು ಶುರುಮಾಡಿದ ಮೇಲೆ ಅವಳು ನಮ್ಮಲ್ಲಿಗೆ ವಾರಕ್ಕೆ ಮೂರು ದಿನ ಮಾತ್ರ ಬರತೊಡಗಿದಳು, ಅದೂ ಮಧ್ಯಾಹ್ನದವರೆಗೆ.

"ಗಂಡನ್ನ ಮಗ್ಗುಲು ಹೊರಳಿಸ್ಬೇಕು ಅಮ್ಮೋರೆ," ಅಂತ ಒಂದು ದಿನ ನನಗೆ ಹೇಳಿದಳು. "ಮೊದ್ಲು ಬುಟ್ಟು ಬರ್ತಿದ್ದೆ. ವಿಧಿ ಇರ್ಲಿಲ್ಲ. ಈಗ ಆ ಪುಣ್ಯಾತ್ಮನ ಬೆನ್ನು ಒಣಗೈತೆ ನೋಡಿ."

ಅತ್ತೆಗೆ ಈ ಬೆನ್ನಿನ ಮಾತು ಕೇಳುತ್ತಿರಲಿಲ್ಲ. ಜಗುಲಿಯ ಮೇಲೆ ಕೂತು ಒಡೆಯದೆ ಬಿದ್ದ ಕಾಯಿರಾಶಿಯನ್ನೇ ನೋಡುತ್ತ, "ಅಕ್ಕಿ ಬತ್ತೈತೆ, ದುಡ್ಡು ಬತ್ತೈತೆ, ಬಸ್ಸು ಪುಕ್ಕಟೆ. ಇನ್ ಯಾಕವ್ವ ನಮ್ ಕಾಯಿ ಒಡೀತಾರೆ? ಕುಂತು ಉಣ್ಣಾದು ಕಲ್ಸಿಬುಟ್ರು," ಅನ್ನುತ್ತಿದ್ದರು. ಆ ದುಡ್ಡು ಅತ್ತೆಯ ಅಕೌಂಟಿಗೂ ಬರುತ್ತಿತ್ತು. ಒಮ್ಮೆ ನಾನು ಮೆಲ್ಲಗೆ ನೆನಪಿಸಿದೆ. "ಅದು ನಾವು ಕಟ್ಟಿದ್ದು ನಮಗೇ ವಾಪಸ್ ಬರಾದು ಕಣೇ. ಅವಳೇನ್ ಕಟ್ಟವ್ಳೆ?" ಅಂದರು. ನಮ್ಮ ತೋಟದ ಪಂಪ್‌ಸೆಟ್ಟಿಗೆ ಯಾರೂ ಕರೆಂಟು ಬಿಲ್ಲು ಕಟ್ಟಿದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿಲ್ಲ. ಅದನ್ನು ನೆನಪಿಸುವ ಧೈರ್ಯ ಆಗಲಿಲ್ಲ.

ಸೋಮವಾರದ ಸಂಜೆ ನಾವು ಏಳೆಂಟು ಜನ ಹೆಂಗಸರು ಈಶ್ವರನ ಗುಡಿಯಲ್ಲಿ ಭಜನೆಗೆ ಸೇರುತ್ತಿದ್ದೆವು. ಭಜನೆ ಅರ್ಧ ಗಂಟೆ, ಮಾತು ಒಂದು ಗಂಟೆ. ಆ ವರ್ಷ ಮಾತೆಲ್ಲ ಒಂದೇ ಆಗಿತ್ತು. ಆಳು ಸಿಗುವುದಿಲ್ಲ. ಗೊಬ್ಬರದಂಗಡಿಯವರ ಮನೆಯಾಕೆ ಮಾತಿನಲ್ಲಿ ಜೋರು.

"ನಮ್ಮನೆ ಕೆಲಸದೋಳು ಮೊನ್ನೆ ಯಾತ್ರೆಗೆ ಹೋಗಿದ್ಲು ಕಣ್ರೀ, ಪುಕ್ಕಟೆ ಬಸ್ಸಲ್ಲಿ. ಬಂದೋಳು ನಂಗೇ ಪ್ರಸಾದ ಕೊಟ್ಲು! ನಾನು ಹೋಗಿ ಆರು ವರ್ಷ ಆಯ್ತು."

"ನೀವೂ ಹೋಗಿ. ನಿಮಗೂ ಪುಕ್ಕಟೆ ಅಲ್ವಾ?" ಅಂತ ಯಾರೋ ಅಂದರು.

"ಅಯ್ಯೋ, ಆ ನೂಕುನುಗ್ಗಲಲ್ಲಿ ಅವರ ಜೊತೆ ಯಾರ್ ಹೋಗ್ತಾರೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತೇ ಅರ್ಜಿಯ ಮಾತು ಬಂತು. ತಾಲ್ಲೂಕು ಕಚೇರಿಗೆ ಬರೆದುಕೊಡೋಣ, ಸುಳ್ಳು ಕಾರ್ಡುಗಳನ್ನೆಲ್ಲ ಕಿತ್ತುಹಾಕಲಿ, ಆಮೇಲೆ ನೋಡಿ ಹೆಂಗೆ ಕೆಲಸಕ್ಕೆ ಓಡಿಬರ್ತಾರೆ ಅಂತ ಗೊಬ್ಬರದಂಗಡಿಯಾಕೆ ಹೇಳಿದರು. ಬರೆಯುವವರು ಯಾರು? ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್ ಅಕ್ಷರಕ್ಕೆ ಬೇರೆ ಮಾರ್ಕ್ಸ್ ಕೊಡುತ್ತಿದ್ದರು, ಕನ್ನಡಕ್ಕೂ. ದೀರ್ಘದ ಬಾಲ ಎಲ್ಲಿ ನಿಲ್ಲಬೇಕು, ಅಂಚಿಗೆ ಎಷ್ಟು ಜಾಗ ಬಿಡಬೇಕು ಎಲ್ಲ ಹೇಳಿಕೊಟ್ಟಿದ್ದರು. ಮದುವೆಯಾದ ಮೇಲೆ ಆ ಅಕ್ಷರವನ್ನು ಸಾಮಾನಿನ ಚೀಟಿಗೆ ಬಿಟ್ಟು ಯಾರೂ ಕೇಳಿರಲಿಲ್ಲ. ನನಗೆ ಖುಷಿಯಾಯಿತು, ಸುಳ್ಳೇಕೆ.

ಮನೆಯಲ್ಲಿ ಎರಡು ಸಲ ಕರಡು ಮಾಡಿ ಬರೆದೆ. ಹೆಸರುಗಳನ್ನು ಹಾಕಲು ನಾನು ಒಪ್ಪಲಿಲ್ಲ. ಹೆಸರು ಹಾಕಿದರೆ ಪಾಪ ಅಂದೆ. ಬದಲಿಗೆ ಒಂದು ಸಾಲು ಬರೆದೆ: ದುಡಿಯುವ ಶಕ್ತಿಯಿದ್ದೂ ದುಡಿಯದೆ, ಅಟ್ಟದ ತುಂಬ ಕಾಯಿ ತುಂಬಿಕೊಂಡು, ಬಡವರ ಪಾಲಿನ ಅನ್ನವನ್ನು ಉಣ್ಣುತ್ತಿರುವವರನ್ನು ದಯಮಾಡಿ ಪತ್ತೆಹಚ್ಚಬೇಕು. ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಕೆರೆ ಏರಿಯ ಹತ್ತಿರದ ಮಹಡಿ ಮನೆ. ಅವರಿಗೆ ಎರಡು ಬೋರ್‌ವೆಲ್ಲು, ಕಾರು, ಅಟ್ಟದಲ್ಲಿ ಮಾಡು ಮುಟ್ಟುವಷ್ಟು ಕಾಯಿ, ಜೊತೆಗೆ ಬಡವರ ಕಾರ್ಡು. ಸಾಲು ಓದಿದಾಗ ಭಜನೆಯವರೆಲ್ಲ ಆಹಾ ಅಂದರು. "ಅನ್ನವನ್ನು ಉಣ್ಣುತ್ತಿರುವವರನ್ನು," ಅಂತ ಗೊಬ್ಬರದಂಗಡಿಯಾಕೆ ಮತ್ತೊಂದು ಸಲ ಹೇಳಿಕೊಂಡರು.

ನಾವು ನಾಲ್ವರು ಅದನ್ನು ಕೊಡಲು ಹೊನ್ನವಳ್ಳಿ ಕಡೆಯಿಂದ ಬರುವ ಬಸ್ಸಿನಲ್ಲಿ ತಿಪಟೂರಿಗೆ ಹೋದೆವು. ಕಂಡಕ್ಟರಿಗೆ ಆಧಾರ್ ತೋರಿಸಿದೆವು. ನಾಲ್ವರಿಗೂ ಪುಕ್ಕಟೆ.

ಅರ್ಜಿ ಕೊಟ್ಟ ಹದಿನೈದು ದಿನಕ್ಕೆ ಊರಲ್ಲಿ ಸುದ್ದಿ ಹಬ್ಬಿತು. ತಾಲ್ಲೂಕಿನಿಂದ ಸಾಹೇಬರು ಬಂದು ಅಟ್ಟ ಹತ್ತಿ ನೋಡುತ್ತಾರಂತೆ. ಮಾರನೇ ದಿನವೇ ಮಹಡಿ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತು. ಅಟ್ಟ ಖಾಲಿಯಾಯಿತು. ಕಾರು ಚಿಕ್ಕನಾಯಕನಹಳ್ಳಿಯ ನೆಂಟರ ಮನೆಗೆ ಹೋಯಿತು. ಅವರ ಮನೆಯ ಹೆಂಗಸು ಹಳೇ ಸೀರೆ ಉಟ್ಟು ಬಾಗಿಲಲ್ಲಿ ರಾಗಿ ಕೇರುತ್ತ ಕೂತಿದ್ದನ್ನು ನಾನೇ ಕಂಡೆ. ಮೊರ ಹಿಡಿದ ಕೈಯಲ್ಲಿ ಬಳೆ ತೆಗೆದ ಜಾಗ ಬಿಳಿಚಿಕೊಂಡಿತ್ತು.

ಅವತ್ತು ಮಧ್ಯಾಹ್ನ ಕೊಬ್ಬರಿ ಒಡೆಯುವವಳು ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ಅಮ್ಮೋರೆ, ನಿಮ್ ಕಾಯಿ ಇಳಿಸ್ಕೊಳ್ಳಿ. ಎಲ್ಡು ದಿನದ ಮಟ್ಟಿಗೆ. ಸಾಹೇಬ್ರು ಬಂದು ಹೋದ್ಮೇಲೆ ಮತ್ತೆ ಹಾಕ್ಸಿ. ನಾನೇ ಎತ್ತಿ ಕೊಡ್ತೀನಿ."

"ಇವರಿಗೆ ಹೇಳ್ತೀನಿ," ಅಂದೆ.

"ಮರೀಬ್ಯಾಡಿ. ಕಾರ್ಡು ಹೋದ್ರೆ ಅವನು ಹೋದ ಅಂತ್ಲೇ ಲೆಕ್ಕ."

ನಾನು ಮರೆಯಲಿಲ್ಲ. ಊಟಕ್ಕೆ ಬಡಿಸುವಾಗಲೇ ಯಜಮಾನರಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಅವಳ ಅಟ್ಟದಲ್ಲಿದ್ದದ್ದು ಹೊಗೆಗಾಗಿ ಹಾಕಿದ ಕಾಯಿ ಮಾತ್ರ ಆಗಿರಲಿಲ್ಲ. ಯಜಮಾನರಿಗೂ ಅವರ ಅಣ್ಣನಿಗೂ ಒಂದು ತೋಟದ ಭಾಗ ಇತ್ಯರ್ಥವಾಗದೆ ಕೋರ್ಟಿನಲ್ಲಿತ್ತು. ಆ ತೋಟದ ಒಂದು ಕೊಯ್ಲನ್ನು ಇವರು ಭಾವನವರಿಗೆ ತಿಳಿಸದೆ ಕೀಳಿಸಿ, ಯಾರಿಗೂ ಅನುಮಾನ ಬಾರದ ಜಾಗ ಅಂತ ಅವಳ ಅಟ್ಟಕ್ಕೆ ಸೇರಿಸಿದ್ದರು. ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಈಗ ಟ್ರ್ಯಾಕ್ಟರ್ ತಗಂಡೋಗಿ ಅವಳ ಮನೆ ಮುಂದೆ ನಿಲ್ಸಿದ್ರೆ ಅಣ್ಣಂಗೆ ನಾನೇ ಡಂಗುರ ಹೊಡ್ದಂಗೆ," ಅಂದರು. "ಆ ಗುಡಿಸಲಿಗೆ ಯಾವ ಸಾಹೇಬ ಬತ್ತಾನೆ? ಬಾಗ್ಲಲ್ಲೇ ಮೂಗು ಮುಚ್ಕೊಂಡು ಹೋಗ್ತಾನೆ ಬುಡು."

"ಬಂದರೆ?" ಅಂದೆ.

"ಬಂದ್ರೆ ಬರ್ಲಿ. ನೋಡೋಣ. ಸಾರು ಹಾಕು."

ಸಾರು ಹಾಕಿದೆ.

ಮೂರನೇ ದಿನ ನಾನು ಒಂದು ಡಬ್ಬಿಯಲ್ಲಿ ಮೊಸರನ್ನ ತೆಗೆದುಕೊಂಡು ಅವಳ ಮನೆಗೆ ಹೋದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಬರಿಗೈಯಲ್ಲಿ ಹೋಗುವುದಕ್ಕಿಂತ ಇದು ವಾಸಿ ಅನ್ನಿಸಿತ್ತು. ಹೆಂಚಿನ ಮನೆ, ಎರಡು ಅಂಕಣ. ಅಡುಗೆಯ ಕಡೆ ಬಿದಿರಿನ ಅಟ್ಟ. ಅಟ್ಟದ ಕೆಳಗೇ, ಒಲೆಯ ಬಿಸಿ ತಾಗಲೆಂದು, ಗಂಡನ ಮಂಚ. ಅವನು ಅಂಗಾತ ಮಲಗಿ ನಮ್ಮ ಕಾಯಿಗಳನ್ನು ನೋಡುತ್ತಿದ್ದ. ಮಂಚದ ಕೆಳಗಿನ ಚೀಲದಲ್ಲಿ ಅರ್ಧ ಉಚ್ಚೆ. ನೆಲ ಆಗಷ್ಟೇ ಸಾರಿಸಿ ಒದ್ದೆಯಿತ್ತು.

"ಬನ್ನಿ ಅಮ್ಮೋರೆ," ಅಂದ. "ನಿಮ್ ಕಾಯಿ ದಿನಾ ಎಣಿಸ್ತೀನಿ. ಒಂದೂ ಕಮ್ಮಿ ಆಗಿಲ್ಲ. ನನಗಿಂತ ಒಳ್ಳೆ ಕಾವಲುಗಾರ ಸಿಗಲ್ಲ ಬುಡಿ, ಎಲ್ಲಿಗೂ ಎದ್ದೋಗಲ್ಲ."

ನಾನು ಡಬ್ಬಿ ಅವಳ ಕೈಗೆ ಕೊಡುತ್ತಿರುವಾಗ ಬೈಕಿನ ಸದ್ದಾಯಿತು. ಸಾಹೇಬರು ಬಾಗಿಲಲ್ಲಿ ಮೂಗು ಮುಚ್ಚಿಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದರು. ಮರ್ಯಾದಸ್ಥ ಮನುಷ್ಯ. ಅವರ ಕೈಯಲ್ಲಿದ್ದ ಜೆರಾಕ್ಸ್ ಹಾಳೆಯನ್ನು ನಾನು ದೂರದಿಂದಲೇ ಗುರುತಿಸಿದೆ, ಅಂಚಿಗೆ ಬಿಟ್ಟ ಜಾಗದಿಂದ. ತಲೆಯೆತ್ತಿ ಅಟ್ಟ ನೋಡಿದರು. ಏಣಿಯ ಎರಡು ಮೆಟ್ಟಿಲು ಹತ್ತಿ ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು.

"ಚೆನ್ನಾಗಿ ಆಗಿದೆಯಲ್ಲಮ್ಮ. ಎಷ್ಟು ಸಾವಿರ ಕಾಯಿ?"

"ನಮ್ಮದಲ್ಲ ಸಾಮಿ," ಅಂದಳು.

"ಮತ್ತೆ ಯಾರದು?"

ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನನ್ನನ್ನು ನೋಡಿದಳು. ಬಹಳ ಹೊತ್ತೇನೂ ಅಲ್ಲ. ಒಲೆಯ ಮೇಲೆ ಎಸರು ಕುದಿದು ತಟ್ಟೆ ಒಂದು ಸಲ ಮೇಲೆದ್ದು ಬಿತ್ತು, ಅಷ್ಟೇ.

"ಬೇರೆಯವರದು ಅಂತ ಈ ಊರಲ್ಲಿ ಎಲ್ಲರೂ ಹೇಳ್ತಾರೆ," ಅಂದರು ಸಾಹೇಬರು. "ಆ ಬೇರೆಯವರು ಬಂದು ನಮ್ಮದು ಅಂತ ಬರೆದುಕೊಟ್ಟರೆ ನಾನೂ ಹಾಗೇ ಬರೀತೀನಿ." ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಸೀರೆ, ಕನ್ನಡಕ ನೋಡಿ ದನಿ ತಗ್ಗಿಸಿದರು. "ಮೇಡಂ, ನೀವು ಹೇಳಿ. ಓದಿದವರ ಥರ ಕಾಣ್ತೀರಿ. ಈ ಕಾಯಿ ಯಾರದು ಅಂತ ನಿಮಗೇನಾದರೂ ಗೊತ್ತಾ?"

"ಇಲ್ಲ ಸರ್, ಗೊತ್ತಿಲ್ಲ," ಅಂದೆ. "ನಾನು ಊಟ ಕೊಡೋಕೆ ಬಂದಿದ್ದೆ."

ಮಂಚದ ಮೇಲಿದ್ದವನು ನಕ್ಕ. ಜೋರಾಗಿ, ಹೊಟ್ಟೆ ಅಲುಗುವಷ್ಟು. "ಬರ್ಕೊಳ್ಳಿ ಸಾಮಿ. ನಾನೇ ಸಾವ್ಕಾರ. ನೋಡಿ, ಕಾಲ್ಮೇಲೆ ಕಾಲು ಹಾಕ್ಕೊಂಡು ಕುಂತ್ಕಳಾಕೆ ಒಂದೇ ಆಗ್ತಿಲ್ಲ, ಇನ್ನೆಲ್ಲಾ ಐತೆ."

ಸಾಹೇಬರಿಗೆ ಮುಜುಗರವಾಯಿತು. ಆದರೂ ಫೋಟೊ ತೆಗೆದರು, ಅಟ್ಟದ್ದು, ಅವಳನ್ನು ಅದರ ಪಕ್ಕ ನಿಲ್ಲಿಸಿ. ಮಂಚ ಫೋಟೊದಲ್ಲಿ ಬರದಂತೆ ಒಂದು ಹೆಜ್ಜೆ ಆಚೆ ಸರಿದರು. ಹೊರಡುವಾಗ ಜೆರಾಕ್ಸನ್ನು ಮಡಚುತ್ತ, "ಯಾರೋ ಪುಣ್ಯಾತ್ಮರು ಎಷ್ಟು ಮುದ್ದಾಗಿ ಬರೆದಿದ್ದಾರೆ. ಆಫೀಸಲ್ಲಿ ಎಲ್ಲರೂ ಓದಿದ್ವಿ," ಅಂದರು.

ನಾನು ಮನೆಗೆ ಬಂದು ಯಜಮಾನರಿಗೆ ನಡೆದದ್ದನ್ನೆಲ್ಲ ಹೇಳಿದೆ. ನಾನು ಗೊತ್ತಿಲ್ಲ ಅಂದದ್ದನ್ನೂ ಹೇಳಿದೆ. "ಒಳ್ಳೇದು ಮಾಡ್ದೆ," ಅಂದರು. ನನ್ನನ್ನು ಅವರು ಹೊಗಳಿದ್ದು ಅಪರೂಪ.

ಮುಂದಿನ ತಿಂಗಳು ರೇಷನ್ ಸೊಸೈಟಿಯಲ್ಲಿ ಅವಳು ಬೆರಳೊತ್ತಿದಾಗ ಮಿಷನ್ನಿನಲ್ಲಿ ಕಾರ್ಡು ಇರಲಿಲ್ಲ, ಅದರ ಜೊತೆ ಅಕೌಂಟಿನ ದುಡ್ಡೂ ನಿಂತಿತು. ನಮ್ಮೂರಲ್ಲಿ ಒಟ್ಟು ಮೂರು ಕಾರ್ಡು ಹೋದವು. ಇನ್ನೆರಡು ಕೂಡ ಬೇರೆಯವರ ಕಾಯಿ ಅಟ್ಟದಲ್ಲಿದ್ದವರದೇ. ಇಳಿಸುವುದು ಅವರ ಕೈಯಲ್ಲೂ ಇರಲಿಲ್ಲ. ಮಹಡಿ ಮನೆಯವರ ಕಾರ್ಡು ಹಾಗೇ ಉಳಿಯಿತು. ಭಜನೆಯಲ್ಲಿ ಗೊಬ್ಬರದಂಗಡಿಯಾಕೆ ಎಲ್ಲರಿಗೂ ಸಕ್ಕರೆ ಹಂಚಿದರು. ಅರ್ಜಿ ಕೆಲಸ ಮಾಡಿತ್ತು.

ಅವಳು ದಿನವೂ ಕೆಲಸಕ್ಕೆ ಬರತೊಡಗಿದಳು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ, ಹಳೇ ಕೂಲಿಗೇ. ಅತ್ತೆಯ ಮುಖದಲ್ಲಿ ಕಳೆ ಬಂತು. ಜಗುಲಿಯಿಂದಲೇ, "ನೋಡ್ದೇನೇ? ಹೊಟ್ಟೆ ಕಾದ್ರೆ ಕೈ ತಾನೇ ಆಡ್ತೈತೆ," ಅಂತ ನನಗೆ ಹೇಳಿದರು, ಅವಳಿಗೆ ಕೇಳುವ ಹಾಗೆ. ಅವಳು ತಲೆಯೆತ್ತಲಿಲ್ಲ. ನಾಲ್ಕು ಕಡೆ ತಟ್ಟಿದಳು, ಉಂಡೆ ಮಡಿಲಿಗೆ ಬಿತ್ತು.

ಗಂಡನ ಮಂಚಕ್ಕೆ ನೀರಿನ ಬಾಟಲನ್ನು ದಾರದಲ್ಲಿ ಕಟ್ಟಿಬರುತ್ತಿದ್ದಳು. ಮಧ್ಯಾಹ್ನ ಒಂದು ಗಳಿಗೆ ಮನೆಗೆ ಓಡಿಹೋಗಿ ಬರುತ್ತೇನೆ ಅಂದದ್ದಕ್ಕೆ ಅತ್ತೆ, "ಹೋದ್ರೆ ಅರ್ಧ ದಿನದ ಕೂಲಿ," ಅಂದರು. ಅವಳು ಹೋಗಲಿಲ್ಲ. ಒಂದು ತಿಂಗಳಲ್ಲಿ ಅವಳ ಸೆರಗಿನಿಂದ ಒಂದು ವಾಸನೆ ಬರತೊಡಗಿತು. ಡೆಟ್ಟಾಲು, ಅದರ ಕೆಳಗೆ ಇನ್ನೊಂದು. ನನಗೆ ಅದು ಏನೆಂದು ಗೊತ್ತಾಯಿತು. ನಾನು ಅವಳಿಗೆ ಒಂದು ಪೌಡರ್ ಡಬ್ಬ ಕೊಟ್ಟೆ.

"ಬೆನ್ನಿಗೆ ಹಚ್ಚು. ಒಣಗುತ್ತೆ."

"ಅಂಗೈಯಷ್ಟು ಗುಂಡಿ ಬಿದ್ದೈತೆ ಅಮ್ಮೋರೆ," ಅಂದಳು. "ಪೌಡ್ರು ಒಳಗೇ ಹೋಗ್ತೈತೆ." ಆದರೂ ತೆಗೆದುಕೊಂಡು ಹೋದಳು.

ಶನಿವಾರ ಶನಿವಾರ ಅವಳಿಗೆ ಸ್ವಲ್ಪ ಅಕ್ಕಿ ಕೊಡುವುದೆಂದು ನಾನೇ ಅತ್ತೆಯನ್ನು ಒಪ್ಪಿಸಿದ್ದೆ. ನಾವು ದೋಸೆಗೆ ತೆಗೆದಿಡುತ್ತಿದ್ದ ಅಕ್ಕಿ. ಮಹಡಿ ಮನೆಯವರು ತಮ್ಮ ಕಾರ್ಡಿನ ಅಕ್ಕಿಯನ್ನು ಉಣ್ಣುತ್ತಿರಲಿಲ್ಲ, ಮೂಟೆಯಲ್ಲೇ ನಮಗೆ ಕಡಿಮೆಗೆ ಮಾರುತ್ತಿದ್ದರು. ಮೊದಲ ಸಲ ಅಳೆದು ಹಾಕಿದಾಗ ಅವಳು ಒಂದು ಚಿಟಿಕೆ ಅಂಗೈಗೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿ ನೋಡಿದಳು.

"ಸೊಸೈಟಿ ಅಕ್ಕಿ," ಅಂದಳು.

ನಾನು ಚೀಲದ ಬಾಯಿ ಹಿಡಿದುಕೊಂಡೆ. ಅವಳು ಅಂಗೈಯಲ್ಲಿದ್ದದ್ದನ್ನೂ ಅದರೊಳಗೇ ಉದುರಿಸಿದಳು.

ಪೈಪು ಬದಲಾಯಿಸಲು ಆಸ್ಪತ್ರೆಗೆ ಹೋದಾಗ ಕಾರ್ಡು ಕೇಳಿದರಂತೆ. ವಾಪಸ್ ಬಂದವಳು ಎರಡು ದಿನ ಬಿಟ್ಟು ನನ್ನ ಹತ್ತಿರ ಒಂದು ಬಿಳಿ ಹಾಳೆ, ಒಂದು ಹೊಸ ಪೆನ್ನು ತಂದಳು. ಅಂಗಡಿಯಲ್ಲಿ ಕೊಂಡದ್ದು, ಪೆನ್ನಿನ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ.

"ಅರ್ಜಿ ಬರ್ಕೊಡಿ ಅಮ್ಮೋರೆ. ಕಾರ್ಡು ವಾಪಸ್ ಕೊಡಿ ಅಂತ. ಆ ಕಾಯಿ ನಮ್ಮದಲ್ಲ ಅಂತ." ಮತ್ತೆ ಸೇರಿಸಿದಳು, "ನಿಮ್ಮ ಅಕ್ಷರಕ್ಕೆ ಕಚೇರೀಲಿ ಬೆಲೆ ಐತಂತೆ. ಸೊಸೈಟಿಯೋರು ಹೇಳಿದ್ರು."

ಹಾಗಾದರೆ ಗೊತ್ತಿತ್ತು. ಯಾವತ್ತಿನಿಂದ ಗೊತ್ತಿತ್ತೋ. ಅವಳ ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ. ಪೆನ್ನಿನ ಪ್ಲಾಸ್ಟಿಕ್ಕನ್ನು ಆ ಎರಡಾದ ಉಗುರಿನಿಂದ ಬಿಚ್ಚಿ ನನ್ನ ಮುಂದೆ ಇಟ್ಟಳು.

ಹಜಾರದಲ್ಲಿ ಕೂತು ಬರೆದೆ. ಅವಳು ಕಾಯಿರಾಶಿಯ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು, ನನ್ನ ಕೈ ನಿಂತಲ್ಲೆಲ್ಲ ತಲೆಯೆತ್ತಿ ನೋಡುತ್ತಿದ್ದಳು. ಗಂಡನ ಸ್ಥಿತಿ ಬರೆದೆ. ಬೆನ್ನಿನ ಹುಣ್ಣು ಬರೆದೆ. ಅಟ್ಟದ ಮೇಲಿದ್ದ ಕಾಯಿಯು ನನ್ನದಲ್ಲ, ಅದು, ಅಂತ ಬರೆದಲ್ಲಿಗೆ ಪೆನ್ನು ನಿಂತಿತು.

"ಬರೀರಿ," ಅಂದಳು.

ಒಳಗಿನ ಕೋಣೆಯಲ್ಲಿ ಯಜಮಾನರು ವಕೀಲರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಅತ್ತೆ ಜಗುಲಿಯಲ್ಲಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

ಪರಿಚಯಸ್ಥರೊಬ್ಬರದಾಗಿರುತ್ತದೆ, ಅಂತ ಬರೆದು ಸಾಲು ಮುಗಿಸಿದೆ. ಕೆಳಗೆ ಅವಳ ಹೆಬ್ಬೆಟ್ಟಿಗೆ ಜಾಗ ಬಿಟ್ಟೆ.

"ಓದಿ," ಅಂದಳು.

ಓದಿದೆ. ಆ ಸಾಲು ಬಂದಾಗ ಬೇಗ ಓದಿ ಮುಂದೆ ಹೋದೆ. ಅವಳು ತಡೆದಳು.

"ಪರಿಚಯಸ್ಥರು ಅಂದ್ರೆ?"

"ಗೊತ್ತಿರೋರು ಅಂತ."

"ಹೆಸ್ರು ಬ್ಯಾಡ್ವಾ? ಬೇರೆಯೋರು ಬರ್ಕೊಟ್ರೆ ನಾನೂ ಬರೀತೀನಿ ಅಂತ ಸಾಹೇಬ್ರು ಅಂದಿದ್ರಲ್ಲ. ನೀವೂ ಅಲ್ಲೇ ಇದ್ರಿ."

ನಾನು ಹಾಳೆಯ ಮೂಲೆಯನ್ನು ಸರಿಮಾಡುತ್ತ ಕೂತೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಹಾಳೆಯನ್ನು ನನ್ನ ಕಡೆಗೇ ತಳ್ಳಿದಳು. ಹೆಬ್ಬೆಟ್ಟು ಒತ್ತಲಿಲ್ಲ.

"ಇಟ್ಕೊಳ್ಳಿ ಅಮ್ಮೋರೆ. ಹಿಂದುಗಡೆ ಖಾಲಿ ಐತೆ. ಸಾಮಾನಿನ ಚೀಟಿಗಾಗ್ತೈತೆ." ಎದ್ದು ನಿಂತು ಅತ್ತೆಯ ಕಡೆ ತಿರುಗಿದಳು. "ಅವ್ವಾರೆ, ನಾಳೆ ಎಷ್ಟೊತ್ತಿಗೆ ಬರ್ಲಿ?"

"ಏಳಕ್ಕೇ ಬಾ," ಅಂದರು ಅತ್ತೆ. "ಎಂಟಕ್ಕೆ ಬಂದ್ರೆ ಬಿಸ್ಲು."